ಪನಸೋಗೆಯಿಂದ ಹನಸೋಗೆಗೆ: ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲಿ ದ್ರಾವಿಡ ಭಾಷಾಶಾಖೆಗಳ ಗುರುತು

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಾದವಲ್ಲ. ಪನಸೋಗೆಯ ಮುನಿಪರಂಪರೆ, ಚಂಗಾಳ್ವ ಅರಸರ ದತ್ತಿಶಾಸನಗಳು, ಕಲ್ಲಹಳ್ಳಿಯ ಮಂಗರಸನ ಕಾವ್ಯಗಳು, ಕಪಿಲೆಯ ದಡದ ಪುನ್ನಾಟ ರಾಜ್ಯ ಇವೆಲ್ಲವೂ ಈ ಸೀಮೆಗೆ ಸೇರಿದವು. ಈಚಿನ ವರ್ಷಗಳಲ್ಲಿ ಈ ತಾಲ್ಲೂಕುಗಳಿಂದ ಸಾಲಿಗ್ರಾಮ, ಸರಗೂರು ಎಂಬ ಹೊಸ ತಾಲ್ಲೂಕುಗಳು ಬೇರ್ಪಟ್ಟಿವೆಯಾದರೂ ಪ್ರಸ್ತುತ ವಿವೇಚನೆಗೆ ಹಳೆಯ ಎಲ್ಲೆಯನ್ನೇ ಇಟ್ಟುಕೊಳ್ಳುವುದು ಅನುಕೂಲ. ಇತಿಹಾಸಕಾರರು ಬಹುಕಾಲದಿಂದ ಬಳಸಿಕೊಂಡಿರುವ ಈ ಸಾಮಗ್ರಿಯಲ್ಲಿ ಭಾಷಾಚರಿತ್ರೆಗೆ ಉಪಯುಕ್ತವಾದ ಇನ್ನೊಂದು ಪದರವಿದೆ. ದ್ರಾವಿಡ ಭಾಷಾಕುಟುಂಬವು ಹೇಗೆ ಕವಲೊಡೆಯಿತು, ಕನ್ನಡವು ತನ್ನ ಸೋದರ ಭಾಷೆಗಳಿಂದ ಯಾವ ಯಾವ ಲಕ್ಷಣಗಳಲ್ಲಿ ಬೇರೆಯಾಯಿತು ಎಂಬ ಪ್ರಶ್ನೆಗಳಿಗೆ ಈ ಸೀಮೆಯ ಊರುಗಳ ಹೆಸರುಗಳೇ ಸಾಕ್ಷ್ಯ ಒದಗಿಸುತ್ತವೆ. ಈ ಸಾಕ್ಷ್ಯವನ್ನು ಓದುವ ಕ್ರಮ ತಿಳಿದರೆ ಓಲೆಗರಿಯ ಪ್ರತಿಯಲ್ಲಿ ಕವಿಯ ಭಾಷೆ ಯಾವುದು, ಲಿಪಿಕಾರನ ಭಾಷೆ ಯಾವುದು ಎಂದು ವಿಂಗಡಿಸುವುದಕ್ಕೂ ಸಹಾಯವಾಗುತ್ತದೆ.

ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ತಮ್ಮದೇ ಆದ ಒಂದು ಮೂಲದಿಂದ ಬಂದವು ಎಂಬುದನ್ನು ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸನು 1816ರಲ್ಲಿ, ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತೋರಿಸಿಕೊಟ್ಟನು. ರಾಬರ್ಟ್ ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ 1856ರಲ್ಲಿ ಬಂದಿತು. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶ 1961ರಲ್ಲಿಯೂ ಅದರ ಪರಿಷ್ಕೃತ ಆವೃತ್ತಿ 1984ರಲ್ಲಿಯೂ ಪ್ರಕಟವಾದವು. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ಗ್ರಂಥದಲ್ಲಿ ಇಪ್ಪತ್ತಾರರಷ್ಟು ಭಾಷೆಗಳನ್ನು ನಾಲ್ಕು ಶಾಖೆಗಳಾಗಿ ವಿಂಗಡಿಸಿದ್ದಾರೆ. ದಕ್ಷಿಣ ಶಾಖೆಯಲ್ಲಿ ತಮಿಳು, ಮಲಯಾಳಂ, ಇರುಳ, ಕುರುಂಬ, ಕೊಡವ, ತೊದವ, ಕೋತ, ಬಡಗ, ಕನ್ನಡ, ತುಳು. ದಕ್ಷಿಣ-ಮಧ್ಯ ಶಾಖೆಯಲ್ಲಿ ತೆಲುಗು, ಗೊಂಡಿ, ಕುಯಿ, ಕುವಿ ಮೊದಲಾದವು. ಮಧ್ಯ ಶಾಖೆಯಲ್ಲಿ ಕೊಲಾಮಿ, ಪರ್ಜಿ, ಗದಬ ಮೊದಲಾದವು. ಉತ್ತರದಲ್ಲಿ ಕುರುಖ್, ಮಾಲ್ತೊ ಮತ್ತು ದೂರದ ಬಲೂಚಿಸ್ತಾನದ ಬ್ರಾಹುಈ. ತುಳುವಿನ ಸ್ಥಾನದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಈ ವಿಂಗಡಣೆಯನ್ನು ಪಠ್ಯಪುಸ್ತಕಗಳು ಮರದ ಚಿತ್ರವಾಗಿ ಕೊಡುತ್ತವೆ. ಮರದ ಕೊಂಬೆಗಳು ಎಲ್ಲಿ, ಏಕೆ ಕವಲೊಡೆದವು ಎಂಬುದನ್ನು ಮಾತ್ರ ಚಿತ್ರ ಹೇಳುವುದಿಲ್ಲ. ಅದನ್ನು ಹೇಳುವುದು ಧ್ವನಿವ್ಯತ್ಯಾಸಗಳ ನಿಯಮ.

ಭಾಷೆಗಳ ಸಂಬಂಧವೆಂದರೆ ಏನಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅದಕ್ಕೂ ಈ ಸೀಮೆಯಲ್ಲಿಯೇ ಉತ್ತಮ ನಿದರ್ಶನಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಧರ್ಮಗ್ರಂಥಗಳ ಹಾಳೆಗಳು ಅಗಲ ಕಡಮೆ, ಉದ್ದ ಹೆಚ್ಚು. ಕಟ್ಟು ಹಾಕದೆ ಎರಡು ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಸುತ್ತಿದಂಥವು. ಕಾಗದದ ಮೇಲಿದ್ದರೂ ಅದು ಭಾರತದ ತಾಳೆಗರಿಯ ಆಕಾರವೇ. ಟಿಬೆಟನ್ ಲಿಪಿಯೂ ಕನ್ನಡ ಲಿಪಿಯಂತೆ ಬ್ರಾಹ್ಮಿಯ ಸಂತತಿಗೆ ಸೇರಿದುದು. ಆದರೂ ಟಿಬೆಟನ್ ಭಾಷೆಗೂ ಕನ್ನಡಕ್ಕೂ ರಕ್ತಸಂಬಂಧವಿಲ್ಲ; ಅದು ಚೀನೀ-ಟಿಬೆಟನ್ ಕುಟುಂಬದ ಭಾಷೆ. ಲಿಪಿಯ ಬಂಧುತ್ವ ಬೇರೆ, ಭಾಷೆಯ ಬಂಧುತ್ವ ಬೇರೆ. ಹಾಗೆಯೇ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ವಾಗ್ರಿ ಭಾಷೆ ಗುಜರಾತಿಗೆ ಹತ್ತಿರವಾದ ಆರ್ಯಭಾಷೆ. ಅವರು ಕನ್ನಡಿಗರ ನಡುವೆ ಬದುಕಿ ಕನ್ನಡವನ್ನು ಸಲೀಸಾಗಿ ಆಡಿದರೂ ಅವರ ಮನೆಮಾತು ದ್ರಾವಿಡವಾಗುವುದಿಲ್ಲ. ನೆರೆಹೊರೆಯಿಂದ ಪದಗಳು ಬರುತ್ತವೆ, ಬಂಧುತ್ವ ಬರುವುದಿಲ್ಲ. ಸಂಸ್ಕೃತ ಪ್ರಾಕೃತಗಳಿಂದ ಕನ್ನಡಕ್ಕೆ ಬಂದ ಪದರಾಶಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ‘ವಸತಿ’ಯು ‘ಬಸದಿ’ಯಾಗಿ ಕನ್ನಡದ ಉಸಿರಿನಲ್ಲಿ ಬೆರೆತುಹೋಗಿದೆ, ಆದರೆ ಆ ಪದಕ್ಕೆ ಹತ್ತುವ ‘ಗಳು’, ‘ಅನ್ನು’, ‘ಇಂದ’ ಎಂಬ ಪ್ರತ್ಯಯಗಳೂ ವಾಕ್ಯವನ್ನು ಮುಗಿಸುವ ಕ್ರಿಯಾಪದವೂ ಕನ್ನಡದವು. ಎಲ್ಲಿಸನ ವಾದದ ಸಾರ ಇದೇ.

ಇನ್ನು ಹೆಸರುಗಳಿಗೆ ಬರಬಹುದು. ಹಳಗನ್ನಡದ ಪದಾದಿಯ ಪಕಾರವು ಮುಂದೆ ಹಕಾರವಾಯಿತೆಂಬುದು ಕನ್ನಡ ಬಲ್ಲವರೆಲ್ಲರಿಗೂ ತಿಳಿದ ಸಂಗತಿ: ಪಾಲ್ ಹಾಲಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ತಮಿಳು, ಮಲಯಾಳಂ, ತೆಲುಗುಗಳು ಪಕಾರವನ್ನು ಉಳಿಸಿಕೊಂಡಿವೆ. ತುಳುವೂ ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದುದರಿಂದ ಮೂಲದ್ರಾವಿಡದಲ್ಲಿ ಇದ್ದುದು ಪಕಾರವೆಂದೂ ಹಕಾರವು ಕನ್ನಡದ ಸ್ವಂತ ಬೆಳವಣಿಗೆಯೆಂದೂ ಹೇಳಬಹುದು. ಶಾಸನಗಳಲ್ಲಿ ಈ ಬದಲಾವಣೆ ಸುಮಾರು 10ನೆಯ ಶತಮಾನದಿಂದ ತಲೆದೋರಿ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪೂರ್ಣಗೊಳ್ಳುತ್ತದೆ. 941ರ ಪಂಪನ ಭಾಷೆ ಪಕಾರದ ಭಾಷೆ. 13ನೆಯ ಶತಮಾನದ ಕೇಶಿರಾಜನು ಪಕಾರ ಹಕಾರಗಳ ಈ ವಿಕಲ್ಪವನ್ನು ವ್ಯಾಕರಣದಲ್ಲಿಯೇ ಲಕ್ಷಿಸಬೇಕಾಯಿತು.

ಈ ಚರಿತ್ರೆಯನ್ನು ಒಂದೇ ಊರಿನ ಹೆಸರಿನಲ್ಲಿ ನೋಡಬೇಕಾದರೆ ಕಾವೇರಿಯ ದಡದ ಚಿಕ್ಕಹನಸೋಗೆಗೆ ಹೋಗಬೇಕು. ಇಲ್ಲಿನ ತ್ರಿಕೂಟದ ಆದಿನಾಥ ಬಸದಿ ಪ್ರಸಿದ್ಧವಾದುದು. 11ನೆಯ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಯನ್ನು ಪುನಃ ಕಟ್ಟಿಸಿದ ಸಂಗತಿಯನ್ನೂ ಅದರ ಮೂಲವನ್ನು ಶ್ರೀರಾಮನ ಕಾಲಕ್ಕೆ ಒಯ್ಯುವ ಐತಿಹ್ಯವನ್ನೂ ಇಲ್ಲಿನ ಶಾಸನಗಳು ತಿಳಿಸುತ್ತವೆ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಇವು ಯೆಡತೊರೆ ತಾಲ್ಲೂಕಿನ ಶಾಸನಗಳಾಗಿ ಸೇರಿವೆ. ಆ ಕಾಲದ ಶಾಸನಗಳಲ್ಲಿ ಊರಿನ ಹೆಸರು ‘ಪನಸೋಗೆ’. ದೇಶಿಗಣ ಪುಸ್ತಕಗಚ್ಛದ ಒಂದು ಮುನಿಪರಂಪರೆ ಈ ಊರಿನಿಂದಲೇ ‘ಪನಸೋಗೆಯ ಬಳಿ’ ಎಂದು ಹೆಸರಾಯಿತು. ಇಂದು ಊರಿನವರ ಬಾಯಲ್ಲಿ ಅದು ಹನಸೋಗೆ. ಹೆಸರಿನ ಉಳಿದ ಭಾಗವೆಲ್ಲ ಇದ್ದಂತೆಯೇ ಇದ್ದು, ಮೊದಲ ವ್ಯಂಜನವೊಂದೇ ಬದಲಾಗಿದೆ.

(ಹೆಸರಿನ ಅರ್ಥದ ಬಗ್ಗೆ ಒಂದು ಮಾತು. ತೆಂಗು ಅಡಕೆಗಳ ಗರಿಗೆ ಸೋಗೆಯೆಂದು ಹೆಸರು. ತಮಿಳಿನಲ್ಲಿ ತಾಳೆಮರಕ್ಕೆ ‘ಪನೈ’ ಎನ್ನುತ್ತಾರೆ. ಎರಡನ್ನೂ ಜೋಡಿಸಿ ‘ತಾಳೆಗರಿಯ ಊರು’ ಎಂದು ಅರ್ಥ ಹಚ್ಚುವ ಆಸೆ ಹಸ್ತಪ್ರತಿಗಳ ಅಭ್ಯಾಸಿಗೆ ಸಹಜವಾಗಿಯೇ ಹುಟ್ಟೀತು. ಆದರೆ ‘ಪನಸ’ ಎಂದರೆ ಹಲಸು ಎಂಬ ಸಂಸ್ಕೃತ ಪದವೂ ಪಕ್ಕದಲ್ಲಿಯೇ ನಿಂತಿದೆ, ಶಾಸನಗಳು ಅರ್ಥವನ್ನು ಬಿಡಿಸಿ ಹೇಳುವುದಿಲ್ಲ. ಧ್ವನಿನಿಯಮಕ್ಕೆ ಅರ್ಥದ ಹಂಗಿಲ್ಲದಿರುವುದರಿಂದ ಈ ಆಸೆಯನ್ನು ಬದಿಗಿಡುವುದೇ ಲೇಸು.)

ಕುತೂಹಲಕರವಾದ ವಿಷಯವೆಂದರೆ ಈ ಪಕಾರವು ಊರಿನಲ್ಲಿ ಅಳಿದ ಮೇಲೂ ಮುನಿಪರಂಪರೆಯ ಹೆಸರಿನಲ್ಲಿ ಉಳಿಯಿತು. 1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ವೀರಪಾಂಡ್ಯನು ಪ್ರತಿಷ್ಠಾಪಿಸಿದನು. ಅಲ್ಲಿನ ಸಂಸ್ಕೃತ ಶಾಸನವು ಅದಕ್ಕೆ ಪ್ರೇರಕನಾದ ಲಲಿತಕೀರ್ತಿಯನ್ನು ಪನಸೋಗೆಯ ಪರಂಪರೆಯವನೆಂದು ಹೇಳುವಾಗ ಪಕಾರವನ್ನೇ ಬಳಸುತ್ತದೆ. ಕನ್ನಡದ ನಿತ್ಯದ ಬಳಕೆಯಲ್ಲಿ ಹಕಾರ ನೆಲೆಯೂರಿದ್ದ ಕಾಲ ಅದು. ಶಾಸ್ತ್ರೀಯ ಸಂದರ್ಭದಲ್ಲಿ, ಸಂಸ್ಕೃತದ ಆವರಣದಲ್ಲಿ, ಪರಂಪರೆಯ ನಾಮವೊಂದು ಆಡುಮಾತಿಗಿಂತ ಹಳೆಯ ರೂಪವನ್ನು ಹೊತ್ತು ನಡೆಯಬಲ್ಲದು. ಅಂಥ ರೂಪವನ್ನು ಕಂಡು ಶಾಸನದ ಕಾಲವನ್ನು ಹಿಂದಕ್ಕೆ ತಳ್ಳಿದರೆ ಪ್ರಮಾದವಾಗುತ್ತದೆ.

ಇದೇ ಎಚ್ಚರ ಪಿರಿಯಾಪಟ್ಟಣದ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಬೇಕು. ಮೇಲುನೋಟಕ್ಕೆ ಇದು ಅಚ್ಚ ಹಳಗನ್ನಡದ ಹೆಸರು: ಪಿರಿಯ ಎಂದರೆ ಹಿರಿಯ, ದೊಡ್ಡ; ಪಿರಿಯ ಪಟ್ಟಣ ಎಂದರೆ ದೊಡ್ಡ ಪೇಟೆ. ನೆರೆಯ ಪನಸೋಗೆ ಹನಸೋಗೆಯಾದರೂ ಈ ಊರು ಹಿರಿಯಪಟ್ಟಣವಾಗದೆ ಉಳಿದುದು ಪ್ರಾಚೀನತೆಯ ಲಕ್ಷಣವೆಂದು ಯಾರಾದರೂ ಭಾವಿಸಬಹುದು. ಆದರೆ ರೈಸ್ ಅವರು ದಾಖಲಿಸಿರುವ ಐತಿಹ್ಯದಂತೆ ಊರಿನ ಹಿಂದಿನ ಹೆಸರು ಸಿಂಗಪಟ್ಟಣ. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಂಗಾಳ್ವ ಅರಸ ಪಿರಿಯರಾಜನು ಅದನ್ನು ಮತ್ತೆ ಕಟ್ಟಿಸಿ ತನ್ನ ಹೆಸರನ್ನಿಟ್ಟನು. ಇದನ್ನು ಒಪ್ಪಿದರೆ ಹೆಸರು ಹುಟ್ಟಿದ್ದೇ ಪಕಾರವು ಕನ್ನಡದ ಆಡುಮಾತಿನಿಂದ ಮರೆಯಾಗಿ ಶತಮಾನಗಳು ಕಳೆದ ಮೇಲೆ. ಉಳಿದದ್ದು ಊರಿನ ಭಾಷೆಯ ಹಳಮೆಯಲ್ಲ, ಅರಸುಮನೆತನದ ಹೆಸರಿಡುವ ಸಂಪ್ರದಾಯ. ಪನಸೋಗೆಯ ಬಳಿಯಂತೆಯೇ ಇದೂ ಪರಂಪರಾನಾಮದ ಸಂಪ್ರದಾಯನಿಷ್ಠೆಗೆ ಉದಾಹರಣೆ.

ಹೀಗೆಂದ ಮಾತ್ರಕ್ಕೆ ಪಿರಿಯಾಪಟ್ಟಣದ ಹೆಸರು ಶಾಖಾಭೇದದ ವಿಚಾರದಲ್ಲಿ ನಿರುಪಯೋಗಿಯಲ್ಲ. ಅದರ ವ್ಯಂಜನಕ್ಕಿಂತ ಸ್ವರವೇ ಹೆಚ್ಚು ಹೇಳುತ್ತದೆ. ರೋಮನ್ ಲಿಪಿಯಲ್ಲಿ ಬರೆಯುವವರು ಈ ಊರನ್ನು ‘ಪೆರಿಯಪಟ್ನ’ ಎಂದು ಬರೆಯುವುದು ರೂಢಿಯಾಗಿದೆ. ಕನ್ನಡಿಗರು ಬರೆಯುವುದು ‘ಪಿರಿಯಾಪಟ್ಟಣ’. ಎಕಾರದ ‘ಪೆರಿಯ’ ತಮಿಳು ಮಲಯಾಳಂಗಳ ರೂಪ. ಇಕಾರದ ‘ಪಿರಿಯ’ ಕನ್ನಡದ್ದು. ಇದು ಆಕಸ್ಮಿಕವಲ್ಲ. ಮುಂದಿನ ಅಕ್ಷರದಲ್ಲಿ ಇ, ಉ ಸ್ವರಗಳಿದ್ದರೆ ಹಿಂದಿನ ಹ್ರಸ್ವ ಎ, ಒಗಳು ಕನ್ನಡದಲ್ಲಿ ಇ, ಉಗಳಾಗುತ್ತವೆ. ಸುಮಾರು 8ನೆಯ ಶತಮಾನದ ಹೊತ್ತಿಗೆ ನೆಲೆಗೊಂಡ ಈ ನಿಯಮದಿಂದ ತಮಿಳಿನ ‘ಚೆವಿ’, ತುಳುವಿನ ‘ಕೆಬಿ’ಗಳಿಗೆ ಸಮನಾಗಿ ಕನ್ನಡದಲ್ಲಿ ‘ಕಿವಿ’ ಇದೆ. ತಮಿಳಿನ ‘ಪೆರಿಯ’ಕ್ಕೆ ಎದುರಾಗಿ ‘ಪಿರಿಯ’ ಇರುವುದೂ ಅದರಿಂದಲೇ.

ಅದೇ ಪ್ರಕೃತಿಯ ಇನ್ನೊಂದು ರೂಪ ದಕ್ಷಿಣದ ತಾಲ್ಲೂಕಿನ ಹೆಸರಿನಲ್ಲಿದೆ. ಹೆಗ್ಗಡದೇವನಕೋಟೆಯ ‘ಹೆಗ್ಗಡೆ’ ಶಾಸನಗಳ ‘ಪೆರ್ಗಡೆ’. ಅದರ ಮೊದಲ ಭಾಗ ಪಿರಿದು ಎಂಬರ್ಥದ ‘ಪೆರ್’ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಲ್ಲಿ ಮುಂದಿನ ಅಕ್ಷರದಲ್ಲಿ ಇಕಾರ ಉಕಾರಗಳಿಲ್ಲ. ಆದುದರಿಂದ ಎಕಾರ ಹಾಗೆಯೇ ಉಳಿಯಿತು. ಪಕಾರ ಮಾತ್ರ ಹಕಾರವಾಯಿತು, ರೇಫವು ಮುಂದಿನ ಗಕಾರದಲ್ಲಿ ಕರಗಿತು. ಹೀಗೆ ಅಕ್ಕಪಕ್ಕದ ಎರಡು ತಾಲ್ಲೂಕುಗಳ ಹೆಸರುಗಳು ಒಂದೇ ಧಾತುವಿನಿಂದ ಹೊರಟಿವೆ. ಒಂದರಲ್ಲಿ ವ್ಯಂಜನ ಹಳೆಯದು, ಸ್ವರ ಬದಲಾದುದು. ಇನ್ನೊಂದರಲ್ಲಿ ಸ್ವರ ಹಳೆಯದು, ವ್ಯಂಜನ ಬದಲಾದುದು. ಎರಡನ್ನೂ ಸೇರಿಸಿ ಓದಿದಾಗ ‘ಪೆರ್’ ಎಂಬ ಮೂಲರೂಪ ತಾನಾಗಿ ಮೂಡುತ್ತದೆ. ತೌಲನಿಕ ವ್ಯಾಕರಣದಲ್ಲಿ ಮೂಲರೂಪವನ್ನು ಪುನಾರಚಿಸುವ ಕ್ರಮ ಇದಕ್ಕಿಂತ ಬೇರೆಯಾದುದಲ್ಲ. ಅಲ್ಲಿ ಊರುಗಳ ಬದಲು ಭಾಷೆಗಳಿರುತ್ತವೆ, ಅಷ್ಟೆ.

ಕೃಷ್ಣರಾಜನಗರವು 20ನೆಯ ಶತಮಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಊರಾದುದರಿಂದ ಅದರ ಹೆಸರು ಭಾಷಾಚರಿತ್ರೆಗೆ ಏನನ್ನೂ ಹೇಳದು. ಆದರೆ ಅದರ ಪೂರ್ವಜವಾದ ಯೆಡತೊರೆ ಎರಡೂ ಭಾಗಗಳಲ್ಲಿ ಮಾತಾಡುತ್ತದೆ. ‘ಎಡ’ಕ್ಕೆ ತಮಿಳಿನಲ್ಲಿ ‘ಇಡಮ್’. ‘ತೊಱೆ’ಗೆ ತಮಿಳಿನಲ್ಲಿ ‘ತುಱೈ’. ಮುಂದಿನ ಅಕ್ಷರದಲ್ಲಿ ಅಕಾರವಿದ್ದಲ್ಲಿ (ತಮಿಳಿನ ಪದಾಂತ್ಯದ ಐಕಾರವೂ ಇದರಲ್ಲಿ ಸೇರುತ್ತದೆ) ಕನ್ನಡ ತೆಲುಗುಗಳು ಎ, ಒ ಎನ್ನುವಾಗ ತಮಿಳು ಮಲಯಾಳಂಗಳು ಇ, ಉ ಎನ್ನುತ್ತವೆ. ನಮ್ಮ ‘ಎಲೆ’ ಅವರ ‘ಇಲೈ’, ನಮ್ಮ ‘ಕೊಡೆ’ ಅವರ ‘ಕುಡೈ’. ದೀರ್ಘಸ್ವರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದುದರಿಂದಲೇ ‘ಓಲೆ’ ತಮಿಳಿನಲ್ಲಿಯೂ ‘ಓಲೈ’, ಮಲಯಾಳದಲ್ಲಿಯೂ ‘ಓಲ’. ಬರೆಯುವ ಗರಿಗೆ ದಕ್ಷಿಣದ ಈ ಭಾಷೆಗಳಲ್ಲೆಲ್ಲ ಒಂದೇ ಪದ. ಯೆಡತೊರೆಯ ಪದಾದಿಯಲ್ಲಿ ಬಂದಿರುವ ಯಕಾರಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಪದಾದಿಯ ಎಕಾರವನ್ನು ಯಕಾರ ಸೇರಿಸಿ ಉಚ್ಚರಿಸುವುದೂ ಬರೆಯುವುದೂ ಕನ್ನಡದಲ್ಲಿ ಸಾಮಾನ್ಯ.

ಹುಣಸೂರಿನ ಹೆಸರು ಹುಣಸೆಯಿಂದ ಬಂದುದೆಂಬ ನಿಷ್ಪತ್ತಿಯನ್ನು ಒಪ್ಪಿದರೆ ಅಲ್ಲಿಯೂ ಪಕಾರದ ಕಥೆಯೇ ಇದೆ. ಹಳಗನ್ನಡದಲ್ಲಿ ಹುಣಸೆ ‘ಪುಣಿಸೆ’, ಹುಳಿ ‘ಪುಳಿ’. ತಮಿಳು ಮಲಯಾಳಂಗಳಲ್ಲಿ ‘ಪುಳಿ’ ಎಂದರೆ ಹುಳಿರುಚಿಯೂ ಹೌದು, ಹುಣಸೆಯೂ ಹೌದು. ಈ ಪದದ ಸಂದರ್ಭದಲ್ಲಿ ಹಳೆಯ ಮೈಸೂರಿನ ಅಡಿಗೆಮನೆಗಳನ್ನು ಸ್ಮರಿಸದಿರುವುದು ಕಷ್ಟ. ಒಂದೇ ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ‘ಹುಳಿ’ ಕುದಿಯುತ್ತದೆ, ಇನ್ನೊಂದರಲ್ಲಿ ‘ಪುಳಿಯೋಗರೆ’ ಸಿದ್ಧವಾಗುತ್ತದೆ. ಪದದ ಮೂಲ ಒಂದೇ. ಮೊದಲನೆಯದು ಕನ್ನಡದ ಸ್ವಂತ ಆಸ್ತಿಯಾಗಿ ಪಕಾರವನ್ನು ಕಳೆದುಕೊಂಡಿತು, ಎರಡನೆಯದು ತಮಿಳಿನಿಂದ ತಯಾರಾದ ರೂಪದಲ್ಲಿ ಬಂದುದರಿಂದ ಪಕಾರವನ್ನು ಉಳಿಸಿಕೊಂಡಿತು. ಇಂದಿನ ಕನ್ನಡದಲ್ಲಿ ಪಕಾರದಿಂದ ಆರಂಭವಾಗುವ ಪದಗಳು ಬಹುಮಟ್ಟಿಗೆ ಎರವಲು ಬಂದವು ಎಂಬ ನಿರ್ಣಯಕ್ಕೆ ಇದಕ್ಕಿಂತ ರುಚಿಯಾದ ಪುರಾವೆ ಬೇಕಾಗಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಹೆಸರಿನಲ್ಲಿ ಇನ್ನೂ ಹೆಚ್ಚಿನ ಸಾಮಗ್ರಿಯಿದೆ. ‘ಹಳ್ಳಿ’ಯ ಪೂರ್ವರೂಪ ‘ಪಳ್ಳಿ’. ತಮಿಳುನಾಡಿನಲ್ಲಿ ಈ ಪದಕ್ಕೆ ಜೈನ ಇತಿಹಾಸದೊಡನೆ ನಿಕಟವಾದ ಸಂಬಂಧವುಂಟು. ಮದುರೆಯ ಬಳಿಯ ಮಾಂಗುಳಂ ಗುಹೆಗಳ ತಮಿಳು ಬ್ರಾಹ್ಮಿ ಶಾಸನಗಳಲ್ಲಿ ಅದು ಮುನಿಗಳ ವಾಸಸ್ಥಾನ. ಚೋಳರ ಕಾಲದಲ್ಲಿ ಜೈನ ಬೌದ್ಧ ಸಂಸ್ಥೆಗಳಿಗೆ ಬಿಟ್ಟ ಭೂಮಿಗೆ ‘ಪಳ್ಳಿಚ್ಚಂದಮ್’ ಎಂದು ಹೆಸರು. ಮುಂದೆ ತಮಿಳಿನಲ್ಲಿ ‘ಪಳ್ಳಿಕ್ಕೂಡಮ್’ ಶಾಲೆಯಾಯಿತು, ಮಲಯಾಳದಲ್ಲಿ ‘ಪಳ್ಳಿ’ ಇಗರ್ಜಿಗೂ ಮಸೀದಿಗೂ ಸಂದಿತು. ಕನ್ನಡದಲ್ಲಿ ಮಾತ್ರ ಅದು ಸಾಧಾರಣ ಗ್ರಾಮದ ಅರ್ಥದಲ್ಲಿ ನಿಂತಿತು. ಹಲ್ಮಿಡಿ ಶಾಸನದಲ್ಲಿಯೇ ಒಂದು ದತ್ತಿಗ್ರಾಮದ ಹೆಸರು ‘ಮೂಳಿವಳ್ಳಿ’ ಎಂದಿದ್ದು, ಸಮಾಸದ ಉತ್ತರಪದದಲ್ಲಿ ಪಕಾರವು ವಕಾರವಾಗಿದೆ. ಇಂದಿನ ಗ್ರಾಮಸ್ಥರ ಬಾಯಲ್ಲಿ ‘ಹಳ್ಳಿ’ ಅನೇಕ ವೇಳೆ ‘ಅಳ್ಳಿ’, ‘ಹಾಲು’ ‘ಆಲು’. ಪಕಾರ ಹಕಾರವಾಗಿ, ಹಕಾರ ಲೋಪವಾಗುವ ಈ ಮೂರನೆಯ ಹಂತವನ್ನು ಶಿಷ್ಟರು ಗ್ರಾಮ್ಯವೆಂದು ಹಳಿಯುತ್ತಾರೆ. ಪನಸೋಗೆಯನ್ನು ಹನಸೋಗೆ ಎಂದವರನ್ನೂ ಅವರ ಕಾಲದ ಶಿಷ್ಟರು ಹಾಗೆಯೇ ಹಳಿದಿದ್ದರೆ ಆಶ್ಚರ್ಯವಿಲ್ಲ.

ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಸಮ್ಯಕ್ತ್ವಕೌಮುದಿ, ಜಯನೃಪಕಾವ್ಯ, ನೇಮಿಜಿನೇಶ ಸಂಗತಿ, ಪ್ರಭಂಜನ ಚರಿತೆ, ಶ್ರೀಪಾಲ ಚರಿತೆ ಮತ್ತು ಪಾಕಶಾಸ್ತ್ರವನ್ನು ಕುರಿತ ಸೂಪಶಾಸ್ತ್ರಗಳನ್ನು ರಚಿಸಿದನು. ಇವುಗಳಲ್ಲಿ ಭಾಷಾಶಾಸ್ತ್ರಜ್ಞನಿಗೆ ಅತ್ಯಂತ ಪ್ರಯೋಜನಕಾರಿಯಾದುದು ಸೂಪಶಾಸ್ತ್ರವೇ ಇರಬಹುದು. ಹಾಲು, ಹಿಟ್ಟು, ಹುಳಿ, ಎಣ್ಣೆ, ಬೇಳೆಗಳಂಥ ಮನೆಬಳಕೆಯ ಪದಗಳು ಸಂಸ್ಕೃತಕ್ಕೆ ಸುಲಭವಾಗಿ ಎಡೆಗೊಡುವುದಿಲ್ಲ. ಅಂಥ ಪದಗಳೇ ಭಾಷಾಕುಟುಂಬದ ಹೋಲಿಕೆಗೆ ಆಧಾರ. ಮಂಗರಸನ ಕಾಲಕ್ಕೆ ಹಕಾರ ನೆಲೆಗೊಂಡಿತ್ತು. ಆದರೂ ಪ್ರೌಢಕಾವ್ಯದಲ್ಲಿ ಹಳೆಯ ಪಕಾರರೂಪಗಳನ್ನು ಅಲಂಕಾರದಂತೆ ಬಳಸುವ ಸ್ವಾತಂತ್ರ್ಯ ಕವಿಗಳಿಗಿತ್ತು.

ಹಸ್ತಪ್ರತಿಯ ಸಂಪಾದಕನಿಗೆ ನಿಜವಾದ ತೊಡಕು ಎದುರಾಗುವುದು ಇಲ್ಲಿ. ಕಲ್ಲಿನ ಮೇಲೆ ಕೊರೆದ ‘ಪನಸೋಗೆ’ ಯಾರ ಕೈಯಲ್ಲಿಯೂ ಮರುಪ್ರತಿಯಾಗದೆ ಸಾವಿರ ವರ್ಷ ನಿಲ್ಲುತ್ತದೆ. ಓಲೆಯ ಪ್ರತಿ ಹುಳು ಹಿಡಿದಾಗ, ಅಂಚು ಮುರಿದಾಗ ಮತ್ತೊಂದು ಓಲೆಗೆ ಇಳಿಯುತ್ತದೆ. ಇಳಿಸುವವನು ತನ್ನ ಕಾಲದ ಉಚ್ಚಾರಣೆಯನ್ನು ಅರಿವಿಲ್ಲದೆಯೇ ಅದರಲ್ಲಿ ಸೇರಿಸುತ್ತಾನೆ. 12ನೆಯ ಶತಮಾನದ ವಚನಗಳು ನಮಗೆ ದೊರೆತಿರುವುದು ಬಹುತೇಕ 15ನೆಯ ಶತಮಾನ ಮತ್ತು ಅನಂತರದ ಕಟ್ಟುಗಳಲ್ಲಿ. ಅವುಗಳಲ್ಲಿ ತುಂಬಿರುವ ಹಕಾರ ವಚನಕಾರರದೋ ಪ್ರತಿಕಾರರದೋ ಎಂದು ಪ್ರತಿಯನ್ನೊಂದನ್ನೇ ನೋಡಿ ನಿರ್ಣಯಿಸಲಾಗದು. ೞಕಾರದ ವಿಷಯದಲ್ಲಿ ಸಂಪಾದಕನಿಗೆ ಒಂದು ರಕ್ಷಣೆಯಿದೆ. ಕೇಶಿರಾಜನು ೞಕಾರದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಹಳೆಯ ಕವಿಗಳು ಪ್ರಾಸದಲ್ಲಿ ೞ ಮತ್ತು ಳಗಳನ್ನು ಬೆರೆಸದಿರುವುದರಿಂದ, ಲಿಪಿಕಾರನು ಎಲ್ಲೆಡೆಯೂ ಳಕಾರ ಬರೆದಿದ್ದರೂ, ಪಾದಗಳ ಎರಡನೆಯ ಅಕ್ಷರವನ್ನು ಹೋಲಿಸಿ ಮೂಲವನ್ನು ಊಹಿಸಬಹುದು. ತಮಿಳು ಮಲಯಾಳಂಗಳಲ್ಲಿ ಆ ಧ್ವನಿ ಇಂದಿಗೂ ಜೀವಂತವಾಗಿರುವುದು ಇನ್ನೊಂದು ಆಧಾರ. ಪದಾದಿಯ ಪಕಾರಕ್ಕೆ ಪ್ರಾಸದ ರಕ್ಷಣೆಯಿಲ್ಲ. ‘ಪಾಲ್’ ಎಂದರೂ ‘ಹಾಲ್’ ಎಂದರೂ ಮಾತ್ರೆ ಒಂದೇ, ಗಣ ಒಂದೇ, ಛಂದಸ್ಸು ಆಕ್ಷೇಪಿಸುವುದಿಲ್ಲ. ಆದುದರಿಂದ ಹಳೆಯ ಕಾವ್ಯವೆಂದ ಮಾತ್ರಕ್ಕೆ ಹಕಾರಗಳನ್ನೆಲ್ಲ ಪಕಾರವಾಗಿ ತಿದ್ದುವುದು ಸಾಹಸವಾಗುತ್ತದೆ. ಕವಿಯ ಸೀಮೆಯಲ್ಲಿ, ಕವಿಯ ಕಾಲಕ್ಕೆ ಹತ್ತಿರದ ತೇದಿಯುಳ್ಳ ಶಾಸನಗಳಲ್ಲಿ ಅದೇ ಪದಗಳು ಹೇಗೆ ಕೊರೆಯಲ್ಪಟ್ಟಿವೆಯೆಂದು ನೋಡಿ ಪಾಠವನ್ನು ನಿಷ್ಕರ್ಷಿಸುವುದು ಕ್ರಮ. ಅಲ್ಲಿಯೂ ಊರು, ಮನೆತನ, ಗಣಗಚ್ಛಗಳ ಹೆಸರುಗಳನ್ನು ಪ್ರತ್ಯೇಕವಾಗಿಡಬೇಕು. ಕಾರ್ಕಳದ ಶಾಸನವೂ ಪಿರಿಯರಾಜನ ಹೆಸರೂ ಕಲಿಸುವ ಪಾಠ ಅದು.

ಬಹು ಹಿಂದಿನ ಪಕಾರಕ್ಕೆ ಈ ಸೀಮೆ ಇನ್ನೊಂದು ಸಾಕ್ಷ್ಯವನ್ನು ಕೊಡುತ್ತದೆ. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯಕ್ಕೆ ಹೆಸರಾದ ‘ಪೌನ್ನಾಟ’ವನ್ನು ಉಲ್ಲೇಖಿಸುತ್ತಾನೆ. ಅದು ಪುನ್ನಾಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ರಾಜಧಾನಿ ಕೀರ್ತಿಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. 1970ರ ದಶಕದಲ್ಲಿ ಕಪಿಲೆಗೆ ಕಟ್ಟಿದ ಜಲಾಶಯದಲ್ಲಿ ಆ ನಿವೇಶನ ಮುಳುಗಿತು. ಪುನ್ನಾಟಸಂಘದ ಜಿನಸೇನನು 783ರಲ್ಲಿ ದೂರದ ಸೌರಾಷ್ಟ್ರದ ವರ್ಧಮಾನಪುರದಲ್ಲಿ ಹರಿವಂಶಪುರಾಣವನ್ನು ಬರೆದಾಗ ತನ್ನ ಸಂಘದ ಹೆಸರನ್ನು ಕನ್ನಡನಾಡಿನ ಪಕಾರದೊಡನೆಯೇ ಒಯ್ದಿದ್ದನು.

ಇದುವರೆಗೆ ಹೇಳಿದುದೆಲ್ಲ ಬರೆಹವಿರುವ ಭಾಷೆಯ ಮಾತಾಯಿತು. ಇದೇ ನಾಲ್ಕು ತಾಲ್ಲೂಕುಗಳ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿವೆ. ಬಯಲುಸೀಮೆಯ ಕುರಿಗಾರ ಕುರುಬರೊಡನೆ ಹೆಸರಿನ ಸಾಮ್ಯದಿಂದ ಇವರನ್ನು ಬೆರೆಸಬಾರದು. ಬೆಟ್ಟಕುರುಬರ ಮಾತನ್ನು ಬಹುಕಾಲ ಕನ್ನಡದ ಒಂದು ಉಪಭಾಷೆಯೆಂದು ಎಣಿಸಲಾಗುತ್ತಿತ್ತು. ಯು.ಪಿ. ಉಪಾಧ್ಯಾಯರು 1972ರಲ್ಲಿ ಕುರುಬ ಭಾಷೆಯನ್ನು ದ್ರಾವಿಡದ ಬೇರೊಂದು ಭಾಷೆಯೆಂದು ವಿವರಿಸಿದರು. ಕಮಿಲ್ ಜ್ವೆಲೆಬಿಲ್ ಅವರು 1982ರಲ್ಲಿ ಬೆಟ್ಟಕುರುಂಬ ಭಾಷೆಯನ್ನೂ 1988ರಲ್ಲಿ ಜೇನುಕುರುಂಬ ಭಾಷೆಯನ್ನೂ ಕುರಿತು ವರದಿಗಳನ್ನು ಪ್ರಕಟಿಸಿದರು. ನೀಲಗಿರಿಯ ಬೆಟ್ಟಕುರುಂಬರ ಮಾತನ್ನು ಆಧರಿಸಿ ಗೇಲ್ ಕೊಯೆಲೊ ಅವರು ರಚಿಸಿದ ವಿಸ್ತಾರವಾದ ವ್ಯಾಕರಣ 2003ರದು. ಬೆಟ್ಟಕುರುಬರ ಭಾಷೆ ದಕ್ಷಿಣ ದ್ರಾವಿಡ ಶಾಖೆಯಲ್ಲಿ ಕನ್ನಡದ ಮಗಳಲ್ಲ, ಸೋದರಿ ಎಂಬ ಅಭಿಪ್ರಾಯಕ್ಕೆ ಈ ಅಧ್ಯಯನಗಳಿಂದ ಬಲ ಬಂದಿದೆ. ಜೇನುಕುರುಬರ ಮಾತು ಕನ್ನಡಕ್ಕೆ ಹೆಚ್ಚು ಸಮೀಪವಾದುದು. ತಮ್ಮನ್ನು ರಾವುಳರೆಂದು ಕರೆದುಕೊಳ್ಳುವ ಯರವರ ಮಾತು ಮಲಯಾಳದ ಕಡೆಗೆ ವಾಲುತ್ತದೆ. ಪಿರಿಯಾಪಟ್ಟಣದ ಎಲ್ಲೆ ದಾಟಿದರೆ ಕೊಡವ ಭಾಷೆ. ಕನ್ನಡದಲ್ಲಿಲ್ಲದ ಕೇಂದ್ರೀಯ ಸ್ವರಗಳು ಅದರಲ್ಲಿವೆ. ಹೀಗೆ ದಕ್ಷಿಣ ಶಾಖೆಯ ಹಲವು ಕವಲುಗಳು ಒಂದು ದಿನದ ಪ್ರಯಾಣದಲ್ಲಿ ಕಿವಿಗೆ ಬೀಳುವ ಸೀಮೆ ಇದು.

ಕನ್ನಡದ ಪಕಾರ ಯಾವ ಶತಮಾನದಲ್ಲಿ ಹೋಯಿತೆಂದು ಹೇಳಬಹುದು, ಏಕೆಂದರೆ ಪನಸೋಗೆಯ ಕಲ್ಲುಗಳಿವೆ. ಬೆಟ್ಟಕುರುಬ ಭಾಷೆ ಕನ್ನಡದಿಂದಲೋ ತಮಿಳಿನಿಂದಲೋ ಯಾವಾಗ ಬೇರೆಯಾಯಿತೆಂದು ಹೇಳುವುದಕ್ಕೆ ಕಲ್ಲೂ ಇಲ್ಲ, ಓಲೆಯೂ ಇಲ್ಲ. ಇಂದಿನ ಆಡುಮಾತೇ ಅದರ ಏಕೈಕ ಪ್ರತಿ. ಆ ಪ್ರತಿಯೂ ಚದುರುತ್ತಿದೆ. ಕಪಿಲಾ ಜಲಾಶಯಕ್ಕಾಗಿ, ಅನಂತರ ನಾಗರಹೊಳೆಯ ಅಭಯಾರಣ್ಯಕ್ಕಾಗಿ ಅನೇಕ ಹಾಡಿಗಳು ಕಾಡಿನಿಂದ ಹೊರಬಂದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಗ್ರಾಮಗಳಲ್ಲಿ ಬೇರೆಬೇರೆ ಹಾಡಿಗಳ ಜನ ನೆರೆಹೊರೆಯಾಗಿ ನೆಲೆಸಿದ್ದಾರೆ. ಶಾಲೆಯ ಭಾಷೆ, ಸಂತೆಯ ಭಾಷೆ ಕನ್ನಡ. ಜನಗಣತಿಯ ಭಾಷಾಪಟ್ಟಿಗಳಲ್ಲಿ 1971ರಿಂದ ಹತ್ತು ಸಾವಿರಕ್ಕಿಂತ ಕಡಮೆ ಜನ ಆಡುವ ಮಾತುಗಳ ಅಂಕಿಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದಿಲ್ಲ. ಉಳಿದವುಗಳಲ್ಲಿ ಯರವ ಮಲಯಾಳದ ಕೆಳಗೆ, ಕುರುಬ ಕನ್ನಡದ ಕೆಳಗೆ ಸೇರಿವೆ. ‘ಕುರುಬ’ ಎಂಬ ಆ ಒಂದೇ ಶೀರ್ಷಿಕೆಯಲ್ಲಿ ಬೆಟ್ಟಕುರುಬರೆಷ್ಟು, ಜೇನುಕುರುಬರೆಷ್ಟು ಎಂದು ಪಟ್ಟಿಯನ್ನು ನೋಡಿ ತಿಳಿಯುವಂತಿಲ್ಲ. ಹುಣಸೂರು, ಹೆಗ್ಗಡದೇವನಕೋಟೆಗಳ ಹಾಡಿಗಳಲ್ಲಿ ಹಿರಿಯರ ಬಾಯಿಂದ ಒಂದೊಂದು ಸಾವಿರ ಮೂಲಪದಗಳನ್ನು, ಪದಾದಿಯ ಪಕಾರ ಹಕಾರಗಳನ್ನೂ ಎಕಾರ ಇಕಾರಗಳನ್ನೂ ಗುರುತಿಸಿ ಧ್ವನಿಮುದ್ರಿಸಿ ಪನಸೋಗೆಯ ಶಾಸನಗಳ ಪದಕೋಶದೊಡನೆ ಹೋಲಿಸಿದಲ್ಲಿ, ಬೆಟ್ಟಕುರುಬ ಭಾಷೆ ಕನ್ನಡದ ಸ್ವರವ್ಯತ್ಯಾಸಕ್ಕೆ ಮೊದಲು ಅಗಲಿದುದೋ ಅನಂತರವೋ ಎಂಬುದಾದರೂ ನಿಶ್ಚಯವಾಗುತ್ತದೆ.